ಜ್ವರ ಬಂದಾಗ ನಿನ್ನ ಕೆಲಸ ಏನು?

ಜ್ವರ ಬಂದ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಇರುತ್ತದೆ. ಒಬ್ಬರು ಹಣೆ ಮುಟ್ಟಿ ನೋಡುತ್ತಾರೆ, ಒಬ್ಬರು ಥರ್ಮಾಮೀಟರ್ ಹುಡುಕುತ್ತಾರೆ, ಇನ್ನೊಬ್ಬರು ಡಾಕ್ಟರಿಗೆ ಫೋನ್ ಮಾಡುತ್ತಾರೆ. ನೀನು ಸುಮ್ನೆ ಮಲಗಿದ್ದರೆ ಸಾಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಅಲ್ವಾ? ಆದರೆ ಅವರೆಲ್ಲರಿಗಿಂತ ದೊಡ್ಡ ಕೆಲಸ ಇರುವುದು ನಿನಗೇ. ಮೈ ಬಿಸಿಯಾಗಿರುವುದು ಮುಟ್ಟಿದವರಿಗೆಲ್ಲ ಗೊತ್ತಾಗುತ್ತದೆ. ಕಿವಿಯೊಳಗೆ ಚುಚ್ಚುತ್ತಿದೆಯಾ, ನುಂಗುವಾಗ ಗಂಟಲು ಉರಿಯುತ್ತಿದೆಯಾ, ಉಚ್ಚೆ ಮಾಡುವಾಗ ನೋವಾಗುತ್ತಿದೆಯಾ, ಇದೆಲ್ಲ ನಿನ್ನೊಬ್ಬನಿಗೆ, ನಿನ್ನೊಬ್ಬಳಿಗೆ ಮಾತ್ರ ಗೊತ್ತು. ನೀನು ಬಾಯಿ ಬಿಟ್ಟರೆ ಮಾತ್ರ ಆ ಸುದ್ದಿ ಹೊರಗೆ ಬರುತ್ತದೆ.

ನಾನು ಎಂಟು ವರ್ಷದವಳಿದ್ದಾಗ ಬಾಯಿ ಬಿಡಲಿಲ್ಲ. ಜ್ವರದ ಜೊತೆಗೆ ಎಡಗಿವಿಯೊಳಗೆ ಯಾರೋ ಪೆನ್ಸಿಲ್ ತೂರಿಸಿ ತಿರುಗಿಸುತ್ತಿದ್ದಾರೇನೋ ಅನ್ನುವಂಥ ನೋವು. ಹೇಳಿದರೆ ಇಂಜೆಕ್ಷನ್ ಚುಚ್ಚುತ್ತಾರೆ ಅಂತ ಹೆದರಿಕೆ. ಆ ಕಿವಿಯನ್ನು ದಿಂಬಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿ ಮಲಗಿದೆ. ಅಮ್ಮ ಕೇಳಿದಾಗಲೆಲ್ಲ "ಏನಿಲ್ಲ, ಬರೀ ಜ್ವರ" ಅಂದೆ. ಎರಡನೇ ರಾತ್ರಿ ನೋವು ಇದ್ದಕ್ಕಿದ್ದ ಹಾಗೆ ಕಡಿಮೆಯಾಯಿತು. ಬೆಳಿಗ್ಗೆ ಎದ್ದು ನೋಡಿದರೆ ದಿಂಬಿನ ಮೇಲೆ ಅಂಗೈ ಅಗಲದ ಹಳದಿ ಕಲೆ, ಕಿವಿಯಿಂದ ಕುತ್ತಿಗೆಯವರೆಗೂ ಅಂಟಂಟು. ಒಳಗೆ ಕೀವು ತುಂಬಿ ಕಿವಿತಮಟೆ ತೂತಾಗಿತ್ತು. ಆಮೇಲೆ ಅದು ವಾಸಿಯಾಯಿತು, ಈಗ ಚೆನ್ನಾಗಿ ಕೇಳಿಸುತ್ತದೆ. ಆದರೆ ಡಾಕ್ಟರ್ ಕೊಟ್ಟದ್ದು ಇಂಜೆಕ್ಷನ್ ಅಲ್ಲ, ಕುಡಿಯುವ ಔಷಧಿ. ಮೊದಲ ದಿನವೇ ಹೇಳಿದ್ದರೆ ಆ ಎರಡು ರಾತ್ರಿ ಅಷ್ಟು ನರಳುವ ಅಗತ್ಯವೇ ಇರಲಿಲ್ಲ. ಅದಕ್ಕೇ ಇದನ್ನು ನಿನಗೆ ಬರೆಯುತ್ತಿದ್ದೇನೆ.

ಮೈ ಯಾಕೆ ಬಿಸಿಯಾಗುತ್ತದೆ?

ಜ್ವರ ಒಂದು ರೋಗ ಅಲ್ಲ. ರೋಗ ಬಂದಾಗ ನಿನ್ನ ದೇಹ ಬೇಕು ಅಂತಲೇ ಮಾಡುವ ಕೆಲಸ ಅದು. ಮೆದುಳಿನ ಬುಡದಲ್ಲಿ ಹೈಪೋಥಾಲಮಸ್ ಅಂತ ಒಂದು ಪುಟ್ಟ ಜಾಗ ಇದೆ. ಮೈ ಎಷ್ಟು ಬೆಚ್ಚಗಿರಬೇಕು ಅಂತ ತೀರ್ಮಾನ ಮಾಡುವುದು ಅದೇ. ಮಾಮೂಲಿ ದಿನಗಳಲ್ಲಿ ಅದು ಮೈಯನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ ಇಟ್ಟಿರುತ್ತದೆ. ಬೆಳಿಗ್ಗೆ ಸ್ವಲ್ಪ ಕಡಿಮೆ, ಸಂಜೆ ಸ್ವಲ್ಪ ಜಾಸ್ತಿ. ಮೂಗಿನಿಂದಲೋ ಬಾಯಿಂದಲೋ ಒಂದು ವೈರಸ್ ಒಳಗೆ ನುಗ್ಗಿತು ಅಂತ ಇಟ್ಟುಕೋ. ರಕ್ತದಲ್ಲಿ ಕಾವಲು ತಿರುಗುತ್ತಿರುವ ಬಿಳಿ ರಕ್ತಕಣಗಳು ಅದನ್ನು ಹಿಡಿದು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಆಗ ಹೈಪೋಥಾಲಮಸ್ "ಸರಿ, ಇವತ್ತು 39 ಇರಲಿ" ಅಂತ ಗುಂಡಿ ಮೇಲಕ್ಕೆ ತಿರುಗಿಸುತ್ತದೆ. ಎಷ್ಟೋ ರೋಗಾಣುಗಳಿಗೆ ಅಷ್ಟು ಬಿಸಿಯಲ್ಲಿ ಮರಿ ಹಾಕುವುದು ಕಷ್ಟ. ನಿನ್ನ ಬಿಳಿ ರಕ್ತಕಣಗಳಿಗೋ ಆ ಬಿಸಿಯಲ್ಲೇ ಚುರುಕು ಜಾಸ್ತಿ.

ಈಗ ಒಂದು ವಿಚಿತ್ರ ನೋಡು. ಜ್ವರ ಏರುವಾಗ ಮೈ ಸುಡುತ್ತಿರುತ್ತದೆ, ನಿನಗೆ ಮಾತ್ರ ಚಳಿ! ಯಾಕೆ ಗೊತ್ತಾ? ಮೆದುಳು ಕೇಳಿದ್ದು 39, ಮೈ ಬಿಸಿಯಾಗುತ್ತಿದ್ದರೂ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಇನ್ನೂ ಬಿಸಿ ಸಾಲದು ಅಂತ ಮೆದುಳಿಗೆ ಅನ್ನಿಸುತ್ತದೆ. ಇರುವ ಬಿಸಿ ಹೊರಗೆ ಹೋಗಬಾರದು ಅಂತ ಚರ್ಮದ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಅದಕ್ಕೇ ಹಣೆ ಕೆಂಡದ ಹಾಗಿದ್ದರೂ ಪಾದ, ಬೆರಳು ತಣ್ಣಗೆ. ಹೊಸ ಬಿಸಿ ಹುಟ್ಟಿಸಲು ಮಾಂಸಖಂಡಗಳು ಗಡಗಡ ನಡುಗುತ್ತವೆ. ಆಟ ಆಡಿದರೆ ಮೈ ಬಿಸಿಯಾಗುತ್ತದಲ್ಲ, ಹಾಗೇ. ಸೋಂಕು ಸೋಲುತ್ತಾ ಬಂದಾಗ ಗುಂಡಿ ಮತ್ತೆ 37ಕ್ಕೆ ಬರುತ್ತದೆ. ಆಗ ಮೈ ಬೇಕಾದ್ದಕ್ಕಿಂತ ಬಿಸಿ, ಹೊದಿಕೆ ಕಿತ್ತೆಸೆಯುವಷ್ಟು ಸೆಕೆ, ದಿಂಬು ಒದ್ದೆಯಾಗುವಷ್ಟು ಬೆವರು. ಜ್ವರ ಬಿಟ್ಟಿತು ಅನ್ನುವುದು ಇದನ್ನೇ.

ಥರ್ಮಾಮೀಟರ್ ಇಡುವುದು ಹೇಗೆ?

ಕೈಯಿಂದ ಹಣೆ ಮುಟ್ಟಿದರೆ ಬಿಸಿ ಇದೆಯಾ ಇಲ್ಲವಾ ಅಂತ ಗೊತ್ತಾಗಬಹುದು, ಎಷ್ಟು ಅಂತ ಗೊತ್ತಾಗುವುದಿಲ್ಲ. ಮುಟ್ಟಿದವರ ಕೈ ತಣ್ಣಗಿದ್ದರೆ ನಿನ್ನ ಹಣೆ ಸುಮ್ನೆ ಬಿಸಿ ಅನ್ನಿಸುತ್ತದೆ. ಥರ್ಮಾಮೀಟರ್ ಬೇಕೇ ಬೇಕು. ಮೊದಲೆಲ್ಲ ಈ ಥರ್ಮಾಮೀಟರ್ ಒಂದು ಅಡಿ ಉದ್ದ ಇರುತ್ತಿತ್ತು, ರೋಗಿ ಅದನ್ನು ಸುಮಾರು ಇಪ್ಪತ್ತು ನಿಮಿಷ ಇಟ್ಟುಕೊಂಡು ಕೂರಬೇಕಿತ್ತು. 1866ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಥಾಮಸ್ ಕ್ಲಿಫರ್ಡ್ ಆಲ್ಬಟ್ ಆರಿಂಚಿನದ್ದು ಮಾಡಿಸಿದರು, ಐದು ನಿಮಿಷದಲ್ಲಿ ಲೆಕ್ಕ ಸಿಗತೊಡಗಿತು. ಈಗಿನ ಡಿಜಿಟಲ್ ಥರ್ಮಾಮೀಟರ್ ಅಷ್ಟೂ ಹೊತ್ತು ತೆಗೆದುಕೊಳ್ಳುವುದಿಲ್ಲ.

ಕಂಕುಳಲ್ಲಿ ಇಡುವುದಾದರೆ ಮೊದಲು ಬೆವರು ಒರೆಸಿಕೋ. ತುದಿ ಬಟ್ಟೆಗೆ ತಾಗದೆ ಚರ್ಮಕ್ಕೇ ತಾಗಬೇಕು, ತೋಳನ್ನು ಮೈಗೆ ಒತ್ತಿ ಹಿಡಿದುಕೊಳ್ಳಬೇಕು, ಬೀಪ್ ಅನ್ನುವವರೆಗೆ ಅಲ್ಲಾಡಬಾರದು. ಬಾಯಲ್ಲಿ ಇಡುವುದಾದರೆ ನಾಲಿಗೆ ಕೆಳಗೆ, ಹಿಂದಕ್ಕೆ, ತುಟಿ ಮುಚ್ಚಿಕೊಂಡು. ಕಚ್ಚಬಾರದು. ಈಗಷ್ಟೇ ಬಿಸಿಯದ್ದೋ ತಣ್ಣಗಿನದ್ದೋ ಕುಡಿದಿದ್ದರೆ ಲೆಕ್ಕ ತಪ್ಪುತ್ತದೆ, ಅರ್ಧ ಗಂಟೆ ಬಿಟ್ಟು ಇಡು. ಕಂಕುಳಿನ ಲೆಕ್ಕ ಬಾಯಿಯದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಹಾಗಾಗಿ ಎಲ್ಲಿ ಇಟ್ಟದ್ದು ಅನ್ನುವುದನ್ನೂ ಸೇರಿಸಿ ಬರೆದಿಡಬೇಕು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್, ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಜ್ವರ ಅಂತ ಡಾಕ್ಟರುಗಳು ಲೆಕ್ಕ ಹಿಡಿಯುತ್ತಾರೆ.

ಒಂದು ಮಾತು. ಲೆಕ್ಕ ದೊಡ್ಡದಿದ್ದರೆ ರೋಗವೂ ದೊಡ್ಡದು ಅಂತೇನಿಲ್ಲ. ಸಾಮಾನ್ಯ ವೈರಸ್ಸಿಗೇ 39.5 ಬರಬಹುದು, ಅಪಾಯದ ಸೋಂಕಿಗೆ 38 ಮಾತ್ರ ಇರಬಹುದು. ಮಗು ಹೇಗಿದೆ ಅನ್ನುವುದು ಎಷ್ಟಿದೆ ಅನ್ನುವುದಕ್ಕಿಂತ ಮುಖ್ಯ. ಅದಕ್ಕೇ ನಿನ್ನ ಮಾತು ಬೇಕು.

ಏನು ಹೇಳಬೇಕು, ಹೇಗೆ ಹೇಳಬೇಕು?

"ಹುಷಾರಿಲ್ಲ" ಅಂದರೆ ಏನೂ ಗೊತ್ತಾಗುವುದಿಲ್ಲ. ತಲೆಯಿಂದ ಶುರು ಮಾಡಿ ಕಾಲಿನವರೆಗೆ ಒಂದೊಂದೇ ಜಾಗವನ್ನು ಮನಸ್ಸಿನಲ್ಲೇ ಮುಟ್ಟಿ ನೋಡು. ತಲೆ ನೋಯುತ್ತಿದೆಯಾ? ಹಣೆಯಲ್ಲಾ, ಕಣ್ಣಿನ ಹಿಂದೆಯಾ? ಬೆಳಕು ನೋಡಿದರೆ ಕಣ್ಣು ಚುಚ್ಚುತ್ತದಾ? ಗದ್ದ ಎದೆಗೆ ತಾಗಿಸಲು ಆಗುತ್ತದಾ? ಕಿವಿ? ನುಂಗುವಾಗ ಗಂಟಲು? ಉಸಿರು ಎಳೆದರೆ ಎದೆ? ಹೊಟ್ಟೆ ನೋಯುತ್ತಿದ್ದರೆ ಒಂದೇ ಬೆರಳಿನಿಂದ ಜಾಗ ತೋರಿಸು. ಉಚ್ಚೆ ಮಾಡುವಾಗ ಉರಿಯುತ್ತದಾ, ಪದೇ ಪದೇ ಹೋಗಬೇಕು ಅನ್ನಿಸುತ್ತದಾ? ಇದನ್ನು ಹೇಳಲು ತುಂಬಾ ಮಕ್ಕಳು ನಾಚಿಕೊಳ್ಳುತ್ತಾರೆ. ನಾಚಿಕೆ ಬೇಡ. ಮೂತ್ರದ ಸೋಂಕಿನಲ್ಲಿ ಎಷ್ಟೋ ಸಲ ನೆಗಡಿ ಇರುವುದಿಲ್ಲ, ಕೆಮ್ಮು ಇರುವುದಿಲ್ಲ, ಬರೀ ಜ್ವರ, ಹೊಟ್ಟೆನೋವು, ಈ ಉರಿ ಅಷ್ಟೇ. ನೀನು ಉರಿ ಅಂದರೆ ಡಾಕ್ಟರ್ ಮೂತ್ರ ಪರೀಕ್ಷೆ ಮಾಡಿಸುತ್ತಾರೆ, ಸರಿಯಾದ ಔಷಧಿ ಬೇಗ ಸಿಗುತ್ತದೆ.

ನೋವು ಎಷ್ಟು ಅಂತ ಹೇಳಲು ಗೊತ್ತಾಗದಿದ್ದರೆ ಅದರಿಂದ ಏನು ಮಾಡಲು ಆಗುತ್ತಿಲ್ಲ ಅಂತ ಹೇಳು. "ನೋವಿಗೆ ನಿದ್ದೆಯಿಂದ ಎಚ್ಚರವಾಯಿತು", "ಎಂಜಲು ನುಂಗಲೂ ಆಗಲ್ಲ", "ನಡೆದರೆ ಜಾಸ್ತಿಯಾಗುತ್ತದೆ". ಡಾಕ್ಟರಿಗೆ ಇಂಥ ಮಾತು ಬಂಗಾರ.

ಯಾವ ರೋಗ ಹೇಗೆ ಕಾಣಿಸುತ್ತದೆ?

ಜಾಸ್ತಿ ಬರುವುದು ನೆಗಡಿ. ನೆಗಡಿ ತರುವ ವೈರಸ್ಸುಗಳೇ 200ಕ್ಕಿಂತ ಹೆಚ್ಚಿವೆ, ಒಂದು ಬಂದು ಹೋದರೂ ಇನ್ನೊಂದು ಕಾದಿರುತ್ತದೆ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಬರುವುದು ಮಾಮೂಲು. ಮೂಗು ಸೋರುತ್ತದೆ, ಕೆಮ್ಮು ಬರುತ್ತದೆ, ಜ್ವರ ಬಂದರೂ ಹೆಚ್ಚಾಗಿ ಸಣ್ಣದು. ಫ್ಲೂ ಹಾಗಲ್ಲ. ಮಧ್ಯಾಹ್ನ ಆಡುತ್ತಿದ್ದವರು ಸಂಜೆಗೆ ಎದ್ದು ಕೂರಲೂ ಆಗದೆ ಮಲಗಿಬಿಡುತ್ತಾರೆ. ಮೈಕೈ ಎಲ್ಲ ನೋವು, ಕಾಲೆಳೆತ, ಜೋರು ಜ್ವರ. ಫ್ಲೂ ವೈರಸ್ ವೇಷ ಬದಲಿಸುತ್ತಲೇ ಇರುವುದರಿಂದ ಅದರ ಲಸಿಕೆಯನ್ನು ವರ್ಷ ವರ್ಷವೂ ಹಾಕಿಸಿಕೊಳ್ಳಬೇಕಾಗುತ್ತದೆ.

ನನಗೆ ಬಂದಿತ್ತಲ್ಲ, ಆ ಕಿವಿನೋವು ಹೆಚ್ಚಾಗಿ ನೆಗಡಿಯ ಬೆನ್ನಿಗೇ ಬರುತ್ತದೆ. ಮೂಗಿನ ಹಿಂಭಾಗದಿಂದ ಕಿವಿಯ ಒಳಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡ. ನೆಗಡಿಯಲ್ಲಿ ಅದು ಕಟ್ಟಿಕೊಂಡರೆ ಒಳಗೆ ನೀರು ನಿಂತು ರೋಗಾಣು ಬೆಳೆಯುತ್ತದೆ. ನೀನು ಬೆಳೆದ ಹಾಗೆ ಕೊಳವೆಯೂ ಬೆಳೆಯುತ್ತದೆ, ಕಿವಿನೋವು ಕಡಿಮೆಯಾಗುತ್ತಾ ಹೋಗುತ್ತದೆ. ಕಿವಿಗೆ ಕಡ್ಡಿ ಹಾಕಬೇಡ, ಎಣ್ಣೆ ಬಿಡಲು ಬಂದರೆ ಬೇಡ ಅನ್ನು, ತಮಟೆ ತೂತಾಗಿದ್ದರೆ ಅದು ಒಳಗೇ ಇಳಿಯುತ್ತದೆ.

ಗಂಟಲು ನೋವಿನಲ್ಲಿ ಎರಡು ಥರ. ಹೆಚ್ಚಿನವು ವೈರಸ್ಸಿನವು, ಮೂಗು ಸೋರುವುದು, ಕೆಮ್ಮು ಜೊತೆಗೇ ಇರುತ್ತವೆ, ತಾವಾಗೇ ಹೋಗುತ್ತವೆ. ಇನ್ನೊಂದು ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯದ್ದು. 5ರಿಂದ 15 ವರ್ಷದವರಲ್ಲಿ ಜಾಸ್ತಿ. ಇದರಲ್ಲಿ ಕೆಮ್ಮು, ನೆಗಡಿ ಅಷ್ಟಾಗಿ ಇರುವುದಿಲ್ಲ, ಗಂಟಲು ಮಾತ್ರ ಇದ್ದಕ್ಕಿದ್ದ ಹಾಗೆ ವಿಪರೀತ ನೋವು, ದವಡೆ ಕೆಳಗೆ ಗಂಟು ಕಟ್ಟುತ್ತದೆ. ಕೆಲವರಿಗೆ ಮೈಮೇಲೆ ಮರಳು ಕಾಗದದ ಹಾಗೆ ಒರಟಾದ ಕೆಂಪು ದದ್ದು ಏಳುತ್ತದೆ, ಅದಕ್ಕೆ ಸ್ಕಾರ್ಲೆಟ್ ಜ್ವರ ಅನ್ನುತ್ತಾರೆ. ಇದಕ್ಕೆ ಆಂಟಿಬಯೋಟಿಕ್ ಬೇಕು, ಮತ್ತು ಡಾಕ್ಟರ್ ಹೇಳಿದ ಅಷ್ಟೂ ದಿನ ಕುಡಿಯಬೇಕು. ಎರಡು ದಿನಕ್ಕೆ ಗಂಟಲು ಸರಿಹೋಯಿತು ಅಂತ ನಿಲ್ಲಿಸಿದರೆ ಬ್ಯಾಕ್ಟೀರಿಯ ಒಳಗೇ ಉಳಿದುಬಿಡಬಹುದು. ಸರಿಯಾಗಿ ಔಷಧಿ ಸಿಗದ ಕೆಲವು ಮಕ್ಕಳಿಗೆ ಕೆಲವು ವಾರಗಳ ನಂತರ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳಿಗೇ ಪೆಟ್ಟಾಗುತ್ತದೆ. ಹೆದರಿಸಲು ಹೇಳುತ್ತಿಲ್ಲ, ಆ ಕಹಿ ಔಷಧಿಯ ಕೊನೆಯ ಗುಟುಕಿನವರೆಗೂ ಯಾಕೆ ಕುಡಿಯಬೇಕು ಅಂತ ನಿನಗೆ ಗೊತ್ತಿರಬೇಕು. ಅದೇ ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಹಾಗಾಗಿ ನೆಗಡಿಗೆ ಡಾಕ್ಟರ್ ಅದನ್ನು ಕೊಡಲಿಲ್ಲ ಅಂದರೆ ಅವರು ಸರಿಯಾಗೇ ಮಾಡಿದ್ದಾರೆ.

ಮೈಮೇಲೆ ಏನಾದರೂ ಏಳುವ ರೋಗಗಳಲ್ಲಿ ಜ್ವರ ಮೊದಲಾ, ಗುಳ್ಳೆ ಮೊದಲಾ, ಎಲ್ಲಿಂದ ಶುರುವಾಯಿತು ಅನ್ನುವುದನ್ನು ಗಮನಿಸಬೇಕು. ದಡಾರದಲ್ಲಿ ಮೂರ್ನಾಲ್ಕು ದಿನ ಜೋರು ಜ್ವರ, ಕೆಮ್ಮು, ಕೆಂಪು ಕಣ್ಣು, ಸೋರುವ ಮೂಗು. ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಕಣದಂಥ ಬಿಳಿ ಚುಕ್ಕೆ ಕಾಣಬಹುದು. ಆಮೇಲೆ ಕಿವಿಯ ಹಿಂದೆ, ಮುಖದ ಮೇಲೆ ದದ್ದು ಎದ್ದು ಕೆಳಗೆ ಇಳಿಯುತ್ತಾ ಹೋಗುತ್ತದೆ. ಇದರಷ್ಟು ಬೇಗ ಹರಡುವ ರೋಗ ಬೇರೆ ಸಿಗುವುದು ಕಷ್ಟ. ದಡಾರ ಇರುವವರು ಕೆಮ್ಮಿ ಹೊರಟುಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ವೈರಸ್ ಉಳಿಯಬಲ್ಲದು. ಇನ್ನೊಂದು ಕೆಟ್ಟ ಗುಣ ಅಂದರೆ, ಹಿಂದೆ ಬಂದ ರೋಗಗಳನ್ನು ನೆನಪಿಟ್ಟುಕೊಂಡಿರುವ ರಕ್ಷಣಾ ಕಣಗಳನ್ನೇ ಅದು ಅಳಿಸಿಹಾಕುತ್ತದೆ, ದಡಾರ ಹೋದ ಮೇಲೂ ಮಗು ತಿಂಗಳುಗಟ್ಟಲೆ ಬೇರೆ ಬೇರೆ ಕಾಯಿಲೆ ಬೀಳಬಹುದು. 1963ರಿಂದ ಇದಕ್ಕೆ ಲಸಿಕೆ ಇದೆ. ಹಾಕಿಸಿಕೊಂಡವರಿಗೆ ಈ ಕಷ್ಟ ಬರುವುದು ಬಹಳ ಅಪರೂಪ.

ಚಿಕನ್ ಪಾಕ್ಸ್ ಗುಳ್ಳೆಗಳು ಬೇರೆ ಥರ. ಮೊದಲು ಚುಕ್ಕೆ, ಆಮೇಲೆ ನೀರು ತುಂಬಿದ ಗುಳ್ಳೆ, ಆಮೇಲೆ ಹಕ್ಕಳೆ. ಒಂದು ಕಡೆ ಒಣಗುತ್ತಿರುವಾಗಲೇ ಇನ್ನೊಂದು ಕಡೆ ಹೊಸದು ಏಳುತ್ತದೆ. ತುರಿಕೆಯೋ ತುರಿಕೆ. ಕೆರೆದುಕೊಂಡರೆ ಉಗುರಿನ ಕೊಳೆ ಒಳಗೆ ಹೋಗಿ ಹುಣ್ಣಾಗಿ ಕಲೆ ಉಳಿಯುತ್ತದೆ. ಉಗುರು ಚಿಕ್ಕದಾಗಿ ಕತ್ತರಿಸಿಕೊಂಡು, ತುರಿಕೆ ಬಂದಾಗ ಕೆರೆಯುವ ಬದಲು ಅಂಗೈಯಿಂದ ಮೆಲ್ಲಗೆ ತಟ್ಟು, ತಣ್ಣನೆಯ ಒದ್ದೆ ಬಟ್ಟೆ ಇಡು. ತುರಿಕೆಗೆ ಹಚ್ಚುವ ಲೋಶನ್ ಕೂಡ ಇದೆ, ಕೇಳಿ ಹಾಕಿಸಿಕೋ. ಈ ರೋಗದ ಲಸಿಕೆಯನ್ನು 1974ರಲ್ಲಿ ಜಪಾನಿನ ಮಿಚಿಯಾಕಿ ತಕಹಾಶಿ ಕಂಡುಹಿಡಿದರು. ಅವರ ಪುಟ್ಟ ಮಗನಿಗೇ ಚಿಕನ್ ಪಾಕ್ಸ್ ಜೋರಾಗಿ ಬಂದಿತ್ತು, ಅದನ್ನು ಕಣ್ಣಾರೆ ನೋಡಿದ ಮೇಲೆ ಅವರು ಈ ಕೆಲಸಕ್ಕೆ ಇಳಿದದ್ದು.

ಮಂಗಬಾವಿನಲ್ಲಿ ಕಿವಿಯ ಕೆಳಗೆ, ಕೆನ್ನೆಯ ಹಿಂಭಾಗದಲ್ಲಿ ಊದಿಕೊಳ್ಳುತ್ತದೆ. ಎಂಜಲು ತಯಾರಿಸುವ ಗ್ರಂಥಿ ಅಲ್ಲಿದೆ, ಹುಳಿ ಬಾಯಿಗೆ ಹಾಕಿದರೆ ನೋವು ಜಾಸ್ತಿ. ಇದರದ್ದೊಂದು ನಿಜವಾದ ಕಥೆ ನನಗೆ ತುಂಬಾ ಇಷ್ಟ. 1963ರಲ್ಲಿ ಅಮೆರಿಕದಲ್ಲಿ ಜೆರಿಲ್ ಲಿನ್ ಅನ್ನುವ ಐದು ವರ್ಷದ ಹುಡುಗಿ ರಾತ್ರಿ ಎದ್ದು ಅಪ್ಪನ ಹತ್ತಿರ ಹೋಗಿ ಗಂಟಲು ನೋಯುತ್ತಿದೆ ಅಂದಳು. ಅಪ್ಪ ಮಾರಿಸ್ ಹಿಲ್ಮನ್ ಲಸಿಕೆ ತಯಾರಿಸುವ ವಿಜ್ಞಾನಿ. ಮಗಳ ಕೆನ್ನೆ ಮುಟ್ಟಿ ನೋಡಿದರು, ಮಂಗಬಾವು ಅಂತ ಗೊತ್ತಾಯಿತು. ಅವಳನ್ನು ಮಲಗಿಸಿ, ತಮ್ಮ ಲ್ಯಾಬಿಗೆ ಹೋಗಿ ಹತ್ತಿಯ ಕಡ್ಡಿ ತಂದು, ಮಗಳ ಗಂಟಲಿನಿಂದ ಆ ವೈರಸ್ಸನ್ನು ತೆಗೆದು ಜೋಪಾನ ಮಾಡಿದರು. ಅದನ್ನೇ ಬಲ ಕುಂದಿಸಿ ಮಾಡಿದ ಲಸಿಕೆಗೆ 1967ರಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮುಂಚೆ ಲಸಿಕೆಯನ್ನು ಪರೀಕ್ಷೆ ಮಾಡುವಾಗ ಹಾಕಿಸಿಕೊಂಡ ಮಕ್ಕಳಲ್ಲಿ ಅವಳ ಪುಟ್ಟ ತಂಗಿಯೂ ಇದ್ದಳು. ಮಂಗಬಾವಿನ ಲಸಿಕೆಗೆ ಬಳಸುವ ಆ ವೈರಸ್ ತಳಿಗೆ ಇವತ್ತಿಗೂ ಜೆರಿಲ್ ಲಿನ್ ಅಂತಲೇ ಹೆಸರು. ಆ ರಾತ್ರಿ ಅವಳು "ಏನಿಲ್ಲ" ಅಂತ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದರೆ?

ಐದು ವರ್ಷದ ಒಳಗಿನವರಿಗೆ ಜಾಸ್ತಿ ಬರುವ ಇನ್ನೊಂದು ರೋಗದಲ್ಲಿ ಅಂಗೈ, ಅಂಗಾಲು, ಬಾಯಿಯೊಳಗೆ ಗುಳ್ಳೆ ಏಳುತ್ತದೆ. ಕೈ, ಕಾಲು, ಬಾಯಿ ರೋಗ ಅಂತಲೇ ಅದನ್ನು ಕರೆಯುತ್ತಾರೆ. ಬಾಯಿ ಹುಣ್ಣಿನಿಂದ ಮಗು ನೀರನ್ನೂ ಬೇಡ ಅನ್ನುತ್ತದೆ, ಅದೇ ದೊಡ್ಡ ತೊಂದರೆ. ತಣ್ಣಗಿನದ್ದು ಸ್ವಲ್ಪ ಸ್ವಲ್ಪ ಕುಡಿಸಬೇಕು. ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಇನ್ನೂ ಚಿಕ್ಕ ಕೂಸುಗಳಿಗೆ ರೋಸಿಯೋಲ ಅಂತ ಒಂದು ಬರುತ್ತದೆ, ಮೂರರಿಂದ ಐದು ದಿನ ಜೋರು ಜ್ವರ, ಜ್ವರ ಬಿಟ್ಟ ಮೇಲೆ ಮೈಮೇಲೆ ದದ್ದು. ದದ್ದು ನೋಡಿ ಎಲ್ಲರೂ ಗಾಬರಿಯಾಗುತ್ತಾರೆ, ಅಷ್ಟು ಹೊತ್ತಿಗೆ ಕೂಸು ವಾಸಿಯಾಗುತ್ತಾ ಇರುತ್ತದೆ.

ವಾಂತಿ ಭೇದಿಯ ಜೊತೆ ಜ್ವರ ಬಂದರೆ ಹೆಚ್ಚಾಗಿ ಹೊಟ್ಟೆಯ ಸೋಂಕು. ಇಲ್ಲಿ ಜ್ವರಕ್ಕಿಂತ ಮೈಯಲ್ಲಿನ ನೀರು ಖಾಲಿಯಾಗುವುದೇ ಅಪಾಯ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಿ ಕುಡಿಯಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಶುರು ಮಾಡು.

ಸೊಳ್ಳೆಯಿಂದ ಡೆಂಗಿ, ಮಲೇರಿಯ ಹರಡುವ ಕಡೆ ಇದ್ದರೆ ಅದನ್ನೂ ಮರೆಯಬಾರದು. ಡೆಂಗಿ ತರುವ ಸೊಳ್ಳೆ ಹೆಚ್ಚಾಗಿ ಹಗಲು ಕಚ್ಚುತ್ತದೆ, ಮಲೇರಿಯದ್ದು ರಾತ್ರಿ. ಡೆಂಗಿಯಲ್ಲಿ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ಮುರಿದ ಹಾಗೆ. ಜ್ವರ ಬಿಟ್ಟಿತು ಅಂತ ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೇ ಇದರ ಅಪಾಯದ ದಿನಗಳು ಶುರು. ಆಗ ಹೊಟ್ಟೆ ಜೋರಾಗಿ ನೋಯುವುದು, ಮತ್ತೆ ಮತ್ತೆ ವಾಂತಿ, ಮೂಗು ಅಥವಾ ಒಸಡಿನಿಂದ ರಕ್ತ, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಹೇಳು. ಮಲೇರಿಯದಲ್ಲಿ ಚಳಿ ನಡುಕ, ಸುಡುವ ಜ್ವರ, ಬೆವರು ಸುತ್ತು ಸುತ್ತಾಗಿ ಬರಬಹುದು. ಎರಡಕ್ಕೂ ರಕ್ತ ಪರೀಕ್ಷೆ ಬೇಕು. ಆ ಸೂಜಿ ಒಂದು ಕ್ಷಣ ಚುಚ್ಚುತ್ತದೆ, ಕಣ್ಣು ಬೇರೆ ಕಡೆ ತಿರುಗಿಸಿ ಉದ್ದಕ್ಕೆ ಉಸಿರು ಬಿಡು.

ಇನ್ನು ಲಸಿಕೆ ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಮೈ ಬೆಚ್ಚಗಾದರೆ ಅದು ರೋಗವಲ್ಲ. ನಿನ್ನ ದೇಹ ಪಾಠ ಕಲಿಯುತ್ತಿದೆ.

ಮಲಗಿದ್ದಾಗ ಏನು ಮಾಡಬೇಕು?

ಕುಡಿಯುತ್ತಿರು. ಬಿಸಿ ಮೈಯಿಂದ ನೀರು ಬೇಗ ಆರಿಹೋಗುತ್ತದೆ. ಒಂದೇ ಸಲ ಲೋಟ ಖಾಲಿ ಮಾಡಬೇಕಿಲ್ಲ, ಪಕ್ಕದಲ್ಲಿಟ್ಟುಕೊಂಡು ಆಗಾಗ ಎರಡು ಗುಟುಕು ಸಾಕು. ನೀರು ಸಾಕಾಗಿದೆಯಾ ಅಂತ ತಿಳಿಯಲು ಉಚ್ಚೆಯ ಬಣ್ಣ ನೋಡು. ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ಇನ್ನೂ ಕುಡಿ. ಊಟ ಸೇರದಿದ್ದರೆ ಒಂದೆರಡು ದಿನ ಪರವಾಗಿಲ್ಲ, ಕುಡಿಯುವುದನ್ನು ಮಾತ್ರ ಬಿಡಬೇಡ.

ಚಳಿ ಅನ್ನಿಸಿದಾಗ ತೆಳು ಹೊದಿಕೆ ಹೊದ್ದುಕೋ, ಸೆಕೆ ಅನ್ನಿಸಿದಾಗ ತೆಗೆ. ದಪ್ಪ ಕಂಬಳಿ ಮೂರು ಹೊದ್ದು ಬೆವರು ತರಿಸುವುದು ಬೇಡ, ಬಿಸಿ ಒಳಗೇ ಸಿಕ್ಕಿಕೊಳ್ಳುತ್ತದೆ. ತಣ್ಣೀರು ಸುರಿಯುವುದೂ ಬೇಡ. ಮೈ ನಡುಗಿ ಇನ್ನಷ್ಟು ಬಿಸಿ ಹುಟ್ಟುತ್ತದೆ, ನಿನಗೆ ಸುಮ್ನೆ ಹಿಂಸೆ.

ಜ್ವರದ ಔಷಧಿ ರೋಗಾಣುವನ್ನು ಕೊಲ್ಲುವುದಿಲ್ಲ. ಮೆದುಳಿನ ಆ ಗುಂಡಿಯನ್ನು ಕೆಲವು ಗಂಟೆ ಕೆಳಗೆ ತಿರುಗಿಸಿ ನೋವು ಕಡಿಮೆ ಮಾಡುತ್ತದೆ, ಆಗ ನೀನು ನೀರು ಕುಡಿಯುತ್ತೀಯ, ನಿದ್ದೆ ಮಾಡುತ್ತೀಯ. ಔಷಧಿಯ ಬಾಟಲಿಯನ್ನು ನೀನಾಗಿ ಯಾವತ್ತೂ ತೆಗೆಯಬೇಡ, ಎಷ್ಟೇ ಸಿಹಿಯಿದ್ದರೂ. ಪ್ಯಾರಸಿಟಮಾಲ್ ಜಾಸ್ತಿಯಾದರೆ ಯಕೃತ್ತು ಹಾಳಾಗುತ್ತದೆ. ಯಾರಾದರೂ ಔಷಧಿ ಕೊಡಲು ಬಂದಾಗ "ಆಗಲೇ ಅಜ್ಜಿ ಕೊಟ್ಟರು" ಅಂತ ಹೇಳುವುದೂ ನಿನ್ನ ಕೆಲಸವೇ.

ದೊಡ್ಡವರಿಗೂ ಇಲ್ಲೇ ನಾಲ್ಕು ಮಾತು ಹೇಳಿಬಿಡುತ್ತೇನೆ. ಪ್ಯಾರಸಿಟಮಾಲ್ ಪ್ರಮಾಣವನ್ನು ಮಗುವಿನ ತೂಕ ನೋಡಿ ಲೆಕ್ಕ ಹಾಕುತ್ತಾರೆ, ವಯಸ್ಸು ನೋಡಿ ಅಂದಾಜು ಮಾಡಬೇಡಿ. ಒಂದೊಂದು ಬಾಟಲಿಯ ಸಾಂದ್ರತೆ ಒಂದೊಂದು ಥರ, ಹಾಗಾಗಿ ಅದರ ಜೊತೆ ಬಂದ ಅಳತೆಯಲ್ಲೇ ಕೊಡಿ, ಅಡುಗೆಮನೆ ಚಮಚದಲ್ಲಿ ಬೇಡ. ಕೊಟ್ಟ ಗಂಟೆ ಬರೆದಿಡಿ. ನೆಗಡಿಯ ಎಷ್ಟೋ ಸಿರಪ್‌ಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಗೊತ್ತಿಲ್ಲದೆ ಎರಡು ಪಾಲಾಗುತ್ತದೆ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬೇಡಿ. ಫ್ಲೂ, ಚಿಕನ್ ಪಾಕ್ಸ್ ಇರುವಾಗ ಅದರಿಂದ ಯಕೃತ್ತು, ಮೆದುಳಿಗೆ ಪೆಟ್ಟು ಕೊಡುವ ರೈ ಸಿಂಡ್ರೋಮ್ ಬರಬಹುದು. ಡೆಂಗಿಯ ಅನುಮಾನ ಇದ್ದರೆ ಐಬುಪ್ರೊಫೆನ್ ಕೂಡ ಬೇಡ. ಮಗು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರೆ ಬರೀ ಲೆಕ್ಕ ಇಳಿಸಲು ಎಬ್ಬಿಸಬೇಡಿ. ಮತ್ತೆ, ದಯವಿಟ್ಟು "ಸುಮ್ನಿರದಿದ್ದರೆ ಡಾಕ್ಟರ್ ಹತ್ತಿರ ಇಂಜೆಕ್ಷನ್ ಹಾಕಿಸುತ್ತೇನೆ" ಅನ್ನಬೇಡಿ. ಆ ಮಾತಿಗೆ ಹೆದರಿಯೇ ಮಕ್ಕಳು ನೋವು ಬಚ್ಚಿಡುವುದು.

ತಕ್ಷಣ ಕೂಗಬೇಕಾದ್ದು ಯಾವಾಗ?

ಈಗ ಹೇಳುವುದನ್ನು ಎರಡು ಸಲ ಓದು. ಕುತ್ತಿಗೆ ಬಿಗಿದು ಗದ್ದ ಎದೆಗೆ ತಾಗಿಸಲು ಆಗದಿದ್ದರೆ, ಅದರ ಜೊತೆ ಜೋರು ತಲೆನೋವು ಇದ್ದರೆ, ಉಸಿರಾಡಲು ಕಷ್ಟವಾಗಿ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಎಷ್ಟು ಎಬ್ಬಿಸಿದರೂ ಕಣ್ಣು ಬಿಡಲಾಗದಷ್ಟು ಮಂಪರು ಇದ್ದರೆ, ತುಟಿ ನೀಲಿಯಾದರೆ, ಎಂಟು ಗಂಟೆಯಿಂದ ಉಚ್ಚೆಯೇ ಬರದಿದ್ದರೆ ಬೆಳಿಗ್ಗೆವರೆಗೆ ಕಾಯಬಾರದು. ಮಧ್ಯರಾತ್ರಿಯಾದರೂ ದೊಡ್ಡವರನ್ನು ಎಬ್ಬಿಸು. ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಎದ್ದಿದ್ದರೆ ಗಾಜಿನ ಲೋಟದ ಪಕ್ಕವನ್ನು ಅದರ ಮೇಲೆ ಒತ್ತಿ ಗಾಜಿನೊಳಗಿಂದ ನೋಡಬೇಕು. ಒತ್ತಿದಾಗ ಚುಕ್ಕೆ ಮಾಸದೆ ಹಾಗೇ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು, ಮೆದುಳುಪೊರೆ ಅಥವಾ ರಕ್ತದ ಸೋಂಕು ಇರಬಹುದು. ಕಪ್ಪು ಚರ್ಮದಲ್ಲಿ ಚುಕ್ಕೆ ಸರಿಯಾಗಿ ಕಾಣುವುದಿಲ್ಲ, ಅಂಗೈ, ಅಂಗಾಲು, ರೆಪ್ಪೆಯ ಒಳಭಾಗ ನೋಡಬೇಕು.

ಮೂರು ತಿಂಗಳು ತುಂಬದ ಕೂಸಿಗೆ 38 ಡಿಗ್ರಿ ಬಂದರೆ ಬೇರೆ ಏನೂ ನೋಡದೆ ಅದೇ ದಿನ, ಅದೇ ಹೊತ್ತಿಗೆ ಡಾಕ್ಟರಿಗೆ ತೋರಿಸಬೇಕು.

ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುತ್ತದೆ. ನಿನ್ನ ತಮ್ಮನಿಗೋ ತಂಗಿಗೋ ಬಂದದ್ದನ್ನು ನೀನು ನೋಡಬೇಕಾಗಬಹುದು. ಮೈ ಸೆಟೆದು, ಕೈಕಾಲು ಅದುರಿ, ಕಣ್ಣು ಮೇಲೆ ಹೋಗುತ್ತದೆ. ನೋಡಲು ತುಂಬಾ ಭಯವಾಗುತ್ತದೆ, ಆದರೆ ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ತಾವಾಗೇ ನಿಲ್ಲುತ್ತವೆ, ಮೆದುಳಿಗೆ ಏನೂ ಆಗುವುದಿಲ್ಲ. ಮೊದಲು ದೊಡ್ಡವರನ್ನು ಕೂಗು. ಮಗುವನ್ನು ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿಸಬೇಕು, ಸುತ್ತ ಇರುವ ಗಟ್ಟಿ ಸಾಮಾನು ಸರಿಸಬೇಕು. ಬಾಯಿಗೆ ಚಮಚ, ಬೆರಳು, ನೀರು, ಯಾವುದನ್ನೂ ಹಾಕಬಾರದು. ಅದುಮಿ ಹಿಡಿಯಬಾರದು. ನೀನು ಗಡಿಯಾರ ನೋಡು, ಯಾವಾಗ ಶುರುವಾಯಿತು ಅಂತ ಹೇಳುವುದು ನಿನ್ನ ಜವಾಬ್ದಾರಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು. ಮೊದಲ ಸಲ ಬಂದಿದ್ದರೆ ಬೇಗ ನಿಂತರೂ ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಮತ್ತೆ ಶಾಲೆಗೆ ಯಾವಾಗ?

ಔಷಧಿ ಕುಡಿಯದೆಯೇ 24 ಗಂಟೆ ಜ್ವರ ಇಲ್ಲದಿದ್ದರೆ, ಮೈಯಲ್ಲಿ ಶಕ್ತಿ ಇದ್ದರೆ ಹೋಗಬಹುದು. ದಡಾರದಲ್ಲಿ ದದ್ದು ಎದ್ದ ಮೇಲೆ ನಾಲ್ಕು ದಿನ ಮನೆಯಲ್ಲೇ ಇರಬೇಕು. ಚಿಕನ್ ಪಾಕ್ಸ್‌ನಲ್ಲಿ ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ. ನಿನ್ನ ಪಕ್ಕ ಕೂರುವ ಗೆಳೆಯನಿಗೆ ಯಾವುದೋ ಕಾಯಿಲೆಯಿಂದ ಲಸಿಕೆ ಹಾಕಿಸಿಕೊಳ್ಳಲು ಆಗದೆ ಇರಬಹುದು, ನೀನು ಎರಡು ದಿನ ತಡೆದರೆ ಅವನು ಉಳಿದುಕೊಳ್ಳುತ್ತಾನೆ. ಕೆಮ್ಮು ಇನ್ನೂ ಇದ್ದರೆ ಕೈಯೊಳಗೆ ಕೆಮ್ಮಬೇಡ, ಮೊಣಕೈ ಮಡಚಿ ಅದರೊಳಗೆ ಕೆಮ್ಮು. ಊಟಕ್ಕೆ ಮುಂಚೆ, ಮೂಗು ಒರೆಸಿಕೊಂಡ ಮೇಲೆ, ಶೌಚಾಲಯದಿಂದ ಬಂದ ಮೇಲೆ ಸೋಪಿನಿಂದ 20 ಸೆಕೆಂಡು ಕೈ ತೊಳೆ. ಹೆಬ್ಬೆರಳು, ಬೆರಳ ಸಂದಿ ಮರೆಯಬೇಡ.

ಜ್ವರ ಬಿಟ್ಟ ಮೇಲೂ ನಾಲ್ಕೈದು ದಿನ ಸುಸ್ತು ಇರುತ್ತದೆ, ಫ್ಲೂ ಆದರೆ ಇನ್ನೂ ಜಾಸ್ತಿ ದಿನ. ಮೊದಲ ದಿನವೇ ಓಡಲು ಹೋಗಿ ಕಾಲು ಸೋತರೆ ನೆರಳಿನಲ್ಲಿ ಕೂತು ಬಾಟಲಿಯ ನೀರು ಕುಡಿ. ಜ್ವರ ಬಂದಿತ್ತು ಅಂತ ಆಟ ಆಡಿಸುವ ಟೀಚರಿಗೆ ಮೊದಲೇ ಹೇಳಿರು.